8 ಎಂಎಂ ಗಾಜಿಗೆ 35 ಎಂಎಂ ತೂತು

ಪ್ಲೇಟಿನ ನಡುವೆ ಒಂದು ತೂತು ಇರುವ ಲೆಕ್ಕ ಬರುತ್ತಲ್ಲ, ಅದನ್ನು ಮಾಡದ ಮೆಕ್ಯಾನಿಕಲ್‌ನವರು, ಸಿವಿಲ್‌ನವರು ನಮ್ಮಲ್ಲಿ ಇರಲಿಕ್ಕಿಲ್ಲ. ಅಗಲವಾದ ಪ್ಲೇಟನ್ನು ಎರಡು ಕಡೆಯಿಂದ ಎಳೆದರೆ ತೂತಿನ ಅಂಚಿನಲ್ಲಿ ಸ್ಟ್ರೆಸ್ ಮೂರು ಪಟ್ಟಾಗುತ್ತೆ. 1898ರಲ್ಲಿ ಕಿರ್ಷ್ ಎಂಬ ಜರ್ಮನ್ ಎಂಜಿನಿಯರ್ ತೋರಿಸಿಕೊಟ್ಟ ಲೆಕ್ಕ ಅದು. ತೂತು ಚಿಕ್ಕದು ಅಂದಮಾತ್ರಕ್ಕೆ ರಿಯಾಯಿತಿ ಇಲ್ಲ, ಆಗಲೂ ಮೂರೇ ಪಟ್ಟು. ಇಂಟರ್ನಲ್ಸ್‌ನಲ್ಲಿ ಇದನ್ನು ಬರೆದು ಮಾರ್ಕ್ಸ್ ತಗೊಂಡು ಮರೆತೂ ಆಗಿತ್ತು. ಆದರೆ ಆ ಪ್ಲೇಟು ಗಾಜಿನದಾಗಿ, ಅದರ ಹಿಂದೆ 220 ಲೀಟರ್ ನೀರಿದ್ದು, ಆ ನೀರಿನಲ್ಲಿ ನಮ್ಮ ತಾತನ ಎರಡು ಮೀನು ಓಡಾಡುತ್ತಿರಬೇಕು ಅಂದಾಗ ಆ ಮೂರು ಅನ್ನೋ ಸಂಖ್ಯೆ ಬೇರೆ ಥರ ಕಾಣೋಕೆ ಶುರುವಾಯಿತು.

ವಿಷಯ ಇಷ್ಟು. ತಾತ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಟರ್ನರ್ ಆಗಿದ್ದು ನಿವೃತ್ತರಾದವರು. ಮನೆಯಲ್ಲಿ ಅವರದ್ದು ಅಂತ ಇರೋದು ಒಂದು ರೇಡಿಯೊ, ಒಂದು ಟೂಲ್ ಪೆಟ್ಟಿಗೆ, ಏಳು ವರ್ಷದ ಎರಡು ಗೋಲ್ಡ್‌ಫಿಶ್. ಹೆಸರು ಕೇಳಿದರೆ ದೊಡ್ಡೋನು, ಚಿಕ್ಕೋನು ಅಂತಾರೆ. ಗೋಲ್ಡ್‌ಫಿಶ್ ಚೆನ್ನಾಗಿ ತಿನ್ನುತ್ತೆ, ಅಷ್ಟೇ ಚೆನ್ನಾಗಿ ನೀರು ಕೆಡಿಸುತ್ತೆ. ಹಾಗಾಗಿ ಪ್ರತಿ ಭಾನುವಾರ ಹಳೇ ತೊಟ್ಟಿಯಿಂದ ಎರಡು ಮೂರು ಬಕೆಟ್ ನೀರು ಆಚೆ, ಅಷ್ಟೇ ನೀರು ಒಳಗೆ. ಹೋದ ವರ್ಷ ತಾತನಿಗೆ ಬೈಪಾಸ್ ಆಯಿತು. ಭಾರ ಎತ್ತಬೇಡಿ ಅಂದರು ಡಾಕ್ಟರು. 15 ಲೀಟರಿನ ಬಕೆಟ್ ಅಂದರೆ 15 ಕೆ.ಜಿ. ಅಲ್ಲಿಗೆ ಮುಗೀತು.

ನಾನು ಭಾನುವಾರ ಮನೆಯಲ್ಲಿದ್ದರೆ ನಾನು ಮಾಡ್ತಿದ್ದೆ. ಲ್ಯಾಬ್ ರೆಕಾರ್ಡ್, ಫೆಸ್ಟು, ಪರೀಕ್ಷೆ ಅಂತ ಇಲ್ಲೇ ಉಳಿದುಬಿಟ್ಟರೆ ನೀರು ಹಾಗೇ ಇರುತ್ತಿತ್ತು. ಒಂದು ದಿನ ತಾತ ಯಾರೂ ನೋಡದ ಹೊತ್ತಲ್ಲಿ ಅರ್ಧರ್ಧ ಬಕೆಟ್ ಎತ್ತುತ್ತಿದ್ದದ್ದು ಅಜ್ಜಿ ಕಣ್ಣಿಗೆ ಬಿತ್ತು. "ಮೀನಿಗೋಸ್ಕರ ಮನುಷ್ಯನ್ನ ಕಳ್ಕೊಳ್ಳೋಕಾಗುತ್ತಾ? ತಗೊಂಡ್ಹೋಗಿ ಕಾರಂಜಿ ಕೆರೆಗೆ ಬಿಟ್ಬಂದ್ಬಿಡಿ" ಅಂದರು. ತಾತ ಏನೂ ಮಾತಾಡಲಿಲ್ಲ. ತಾತ ವಾದ ಮಾಡಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅಂದಹಾಗೆ ಸಾಕಿದ ಗೋಲ್ಡ್‌ಫಿಶ್ ಅನ್ನು ಕೆರೆಗೆ ಬಿಡೋದು ಪುಣ್ಯದ ಕೆಲಸ ಅಲ್ಲ. ಅದು ಈ ನೆಲದ ಮೀನಲ್ಲ, ಒಗ್ಗಿಕೊಂಡರೆ ತಳ ಕೆದಕಿ ಕೆರೆಯನ್ನೇ ರಾಡಿ ಮಾಡುತ್ತೆ, ತನ್ನ ಜೊತೆ ರೋಗವನ್ನೂ ಒಯ್ಯಬಹುದು.

ಹಾಗಾದರೆ ಬಕೆಟ್ಟೇ ಇಲ್ಲದ ಹಾಗೆ ಮಾಡಬೇಕು. ಹೊಸ ನೀರು ತೊಟ್ಟಿಕ್ಕುತ್ತಾ ಒಳಗೆ ಬರಬೇಕು, ಅಷ್ಟೇ ಹಳೇ ನೀರು ತಾನಾಗಿ ಹೊರಗೆ ಹೋಗಬೇಕು. ಪೈಪ್ ಇಳಿಬಿಟ್ಟು ಸೈಫನ್ ಮಾಡಬಹುದಲ್ಲ, ಚಿಕ್ಕ ಪಂಪ್ ಇಡಬಹುದಲ್ಲ ಅಂತ ನಮ್ಮ ಕ್ಲಾಸಿನವರೇ ಕೇಳಿದರು. ಸೈಫನ್ ಒಳಗೆ ಗಾಳಿ ಸೇರಿದರೆ ನಿಂತುಹೋಗುತ್ತೆ, ನಿಂತಿದ್ದು ಗೊತ್ತಾಗೋದು ನೆಲ ಒದ್ದೆಯಾದ ಮೇಲೆ. ಪಂಪ್ ಇಟ್ಟರೆ ಅದನ್ನು ಆಫ್ ಮಾಡೋದನ್ನ ನೆನಪಿಡೋಕೆ ಇನ್ನೊಬ್ಬರು ಬೇಕು. ಗಾಜಿನಲ್ಲೇ ತೂತಿದ್ದರೆ ಅದಕ್ಕೆ ಕರೆಂಟೂ ಬೇಡ, ನೆನಪೂ ಬೇಡ. ನೀರು ಆ ಮಟ್ಟಕ್ಕೆ ಬಂದರೆ ಹೋಗಲೇಬೇಕು.

ಒಂದು ಕ್ಲಿನಿಕ್‌ನವರು ಒಳಾಂಗಣ ಬದಲಾಯಿಸುವಾಗ ಹಳೇ ತೊಟ್ಟಿ ಮಾರುತ್ತಿದ್ದರು. 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ, 8 ಎಂಎಂ ಗಾಜು. 2500 ರೂಪಾಯಿಗೆ ಮಾತಾಡಿ ಲಗೇಜ್ ಆಟೋದಲ್ಲಿ ಹಾಸಿಗೆ ಹಾಸಿ ತಂದೆವು. ಗಾಜಿನ ಸಾಂದ್ರತೆ ನೀರಿನ ಎರಡೂವರೆ ಪಟ್ಟು, ಲೆಕ್ಕ ಹಾಕಿದರೆ ಖಾಲಿ ತೊಟ್ಟಿಯೇ 40 ಕೆ.ಜಿ. ಇಳಿಸೋಕೆ ನಾಲ್ಕು ಜನ ಬೇಕಾಯಿತು.

ಬಳಸಿದ ತೊಟ್ಟಿ ತಂದವರು ಮೊದಲು ಮಾಡಬೇಕಾದ್ದು ಡ್ರಿಲ್ ಹುಡುಕೋದಲ್ಲ. ಹಿತ್ತಿಲಿನಲ್ಲಿ ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಶೀಟ್ ಮೇಲಿಟ್ಟು ಪೂರ್ತಿ ನೀರು ತುಂಬಿ ಮೂರು ದಿನ ಬಿಡಬೇಕು. ತೂತು ಕೊರೆದ ಮೇಲೆ ಸೋರಿದರೆ ಅದು ತೂತಿನದ್ದಾ, ಹಳೇ ಕೀಲಿನದ್ದಾ ಅಂತ ತಲೆ ಕೆಡಿಸಿಕೊಳ್ಳೋದು ತಪ್ಪುತ್ತೆ. ನಮ್ಮದರಲ್ಲಿ ಒಂದು ಮೂಲೆ ಜಿನುಗಿತು. ಅಲ್ಲಿ ಮೇಲಿಂದ ಹೊಸ ಸಿಲಿಕೋನ್ ಮೆತ್ತಿದರೆ ಪ್ರಯೋಜನವಿಲ್ಲ, ಗಟ್ಟಿಯಾದ ಹಳೇ ಸಿಲಿಕೋನಿಗೆ ಹೊಸದು ಸರಿಯಾಗಿ ಅಂಟಲ್ಲ. ಒಳಗಿನ ಪಟ್ಟಿಯನ್ನು ಬ್ಲೇಡಿನಲ್ಲಿ ಪೂರ್ತಿ ಕೆರೆದು, ಸ್ಪಿರಿಟ್‌ನಲ್ಲಿ ಒರೆಸಿ, ಹೊಸದಾಗಿ ಹಾಕಿದೆವು. ಫಂಗಸ್ ತಡೆಯುವ ಔಷಧ ಬೆರೆಸಿದ ಬಾತ್‌ರೂಮಿನ ಸಿಲಿಕೋನ್ ಮೀನಿಗೆ ಆಗಲ್ಲ, ಅಕ್ವೇರಿಯಮ್ಮಿಗೆ ಅಂತಲೇ ಇರೋದನ್ನ ಕೇಳಿ ತನ್ನಿ. ಅದು ಗಟ್ಟಿಯಾಗುವಾಗ ವಿನಿಗರ್ ವಾಸನೆ ಬರುತ್ತೆ, ಅಸಿಟಿಕ್ ಆಸಿಡ್ ಹೊರಗೆ ಹೋಗುತ್ತಿರುತ್ತೆ. ಅಜ್ಜಿ ಒಂದು ವಾರ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಮೂಸಿ ನೋಡಿದರು.

ಎರಡನೇದು ಟಫನ್ಡ್ ಗಾಜಾ ಅಲ್ಲವಾ ಅನ್ನೋ ಪ್ರಶ್ನೆ. ಟಫನ್ಡ್ ಗಾಜನ್ನು ಕಾಯಿಸಿ ಹೊರಮೈಯನ್ನು ಗಾಳಿಯಿಂದ ಬೇಗ ತಣಿಸಿರುತ್ತಾರೆ. ಹಾಗಾಗಿ ಹೊರಗೆ ಕಂಪ್ರೆಷನ್, ಒಳಗೆ ಟೆನ್ಷನ್ ಸಿಕ್ಕಿಹಾಕಿಕೊಂಡಿರುತ್ತೆ. ಹೊರಗಿನ ಪದರ ದಾಟಿ ಡ್ರಿಲ್ ಒಳಗೆ ಇಳಿದ ಕ್ಷಣ ಇಡೀ ಶೀಟು ಕಡಲೆಕಾಳಿನಷ್ಟು ಚೂರಾಗಿ ಉದುರುತ್ತೆ. ಅದಕ್ಕೆ ತೂತು ಬೇಕಿದ್ದರೆ ಟಫನ್ ಮಾಡೋ ಮೊದಲೇ ಹಾಕಿರಬೇಕು. ಕಂಡುಹಿಡಿಯೋಕೆ ಲ್ಯಾಬ್ ಏನೂ ಬೇಡ. ಎಲ್‌ಸಿಡಿ ಲ್ಯಾಪ್‌ಟಾಪ್‌ನಲ್ಲಿ ಬಿಳೀ ಪರದೆ ತೆರೆದು ಗಾಜಿನ ಹಿಂದೆ ಇಡಿ, ಮುಂದಿನಿಂದ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಿಡಿದು ತಿರುಗಿಸುತ್ತಾ ನೋಡಿ. ಸಾದಾ ಗಾಜಾದರೆ ಪರದೆ ಒಂದೇ ಸಮ ಕಪ್ಪಾಗುತ್ತೆ. ಟಫನ್ಡ್ ಆದರೆ ಮೋಡದ ಥರ ಕಪ್ಪು ಬಿಳಿ ಮಚ್ಚೆ, ಪಟ್ಟೆ, ಕೆಲವು ಕಡೆ ಬಣ್ಣ. ಫೋಟೋಇಲಾಸ್ಟಿಸಿಟಿ ಅಂತ ಓದಿದ್ದು ಇದೇ. ಐದೂ ಶೀಟು ಬೇರೆ ಬೇರೆಯಾಗಿ ನೋಡಬೇಕು, ಕೆಲವು ತೊಟ್ಟಿಗಳಲ್ಲಿ ತಳ ಮಾತ್ರ ಟಫನ್ಡ್ ಇರುತ್ತೆ. ನಮ್ಮದು ಐದೂ ಸಾದಾ.

ತೂತು ಎಲ್ಲಿ ಅನ್ನೋದು ಮೂರನೇದು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ನಿಜವಾದ ಎಂಜಿನಿಯರಿಂಗ್ ಇರೋದು ಇಲ್ಲೇ. ಅಂಚಿನ ತನಕ ತುಂಬಿದರೆ ಮುಂದಿನ ಗಾಜನ್ನು ನೀರು ತಳ್ಳುವ ಬಲ ಸುಮಾರು 1200 ನ್ಯೂಟನ್, ಒಬ್ಬರ ಮೇಲೊಬ್ಬರು ಇಬ್ಬರು ಒರಗಿದ ಹಾಗೆ. ಅದರಲ್ಲಿ ಹೆಚ್ಚಿನ ಪಾಲು ಕೆಳಗೆ, ಮೇಲೆ ಹೋದಂತೆ ಕಡಿಮೆ. ತಳದಲ್ಲಿ ತೂತು ಹಾಕಿದರೆ ಪೂರ್ತಿ ಖಾಲಿ ಮಾಡಬಹುದು ಅಂತ ಆಸೆಯಾಗುತ್ತೆ. ಆದರೆ ಒಂದು ರಬ್ಬರ್ ವಾಷರ್ ಕೈಕೊಟ್ಟರೆ ರಾತ್ರಿ ಬೆಳಗಾಗುವಷ್ಟರಲ್ಲಿ 220 ಲೀಟರೂ ಹಾಲ್‌ನಲ್ಲಿ, ಮೀನು ಒಣ ಗಾಜಿನ ಮೇಲೆ. ಹಿಂದಿನ ಗಾಜಿನಲ್ಲಿ ಮೇಲಂಚಿನಿಂದ 8 ಸೆಂ.ಮೀ. ಕೆಳಗೆ ತೂತಿನ ಕೇಂದ್ರ ಇಟ್ಟರೆ, ಅದೇ ವಾಷರ್ ಹೋದರೂ ನೀರು ತೂತಿನ ಕೆಳಂಚಿನ ತನಕ ಮಾತ್ರ ಇಳಿಯುತ್ತೆ. ಅಂದರೆ 30 ಲೀಟರ್ ಆಸುಪಾಸು. ಅಜ್ಜಿ ಬೈಯುತ್ತಾರೆ, ಮೀನು ಉಳಿಯುತ್ತೆ. ಪಕ್ಕದ ಅಂಚಿನಿಂದ 10 ಸೆಂ.ಮೀ. ದೂರ ಬಿಟ್ಟೆವು. ತೂತಿನ ಅಂಚಿಗೂ ಗಾಜಿನ ಅಂಚಿಗೂ ನಡುವೆ ಕನಿಷ್ಠ ತೂತಿನ ವ್ಯಾಸದಷ್ಟು ಜಾಗ ಇರಬೇಕು ಅನ್ನೋದು ಈ ಕೆಲಸ ಮಾಡೋರ ನಿಯಮ, ನಾವು ಅದಕ್ಕಿಂತ ಧಾರಾಳವಾಗಿ ಬಿಟ್ಟೆವು.

ವ್ಯಾಸದ ವಿಷಯಕ್ಕೆ ಒಂದು ಮಾತು. ಪ್ಲಂಬಿಂಗ್ ಅಂಗಡಿಯಲ್ಲಿ 1 ಇಂಚಿನ ಟ್ಯಾಂಕ್ ನಿಪ್ಪಲ್ ಕೊಡ್ತಾರೆ. ಆ 1 ಇಂಚು ಬರೀ ಹೆಸರು. ವರ್ನಿಯರ್ ಹಿಡಿದರೆ ಹೊರಗಿನ ಥ್ರೆಡ್ 33 ಎಂಎಂ. ಆದ್ದರಿಂದ ನಿಪ್ಪಲ್ ಕೈಯಲ್ಲಿ ಹಿಡಿದುಕೊಂಡೇ ಹೋಲ್ ಸಾ ತಗೊಳ್ಳಿ. ನಮಗೆ 35 ಎಂಎಂ ಡೈಮಂಡ್ ಹೋಲ್ ಸಾ ಸರಿಹೋಯಿತು, ಮುನ್ನೂರು ಚಿಲ್ಲರೆ. ಹೆಸರು ಸಾ ಅಂತಿದ್ದರೂ ಅದಕ್ಕೆ ಹಲ್ಲಿಲ್ಲ. ಉಕ್ಕಿನ ಬಳೆಯ ತುದಿಗೆ ವಜ್ರದ ಪುಡಿ ಹಿಡಿಸಿರುತ್ತಾರೆ ಅಷ್ಟೆ. ಅದು ಗಾಜನ್ನು ಕತ್ತರಿಸಲ್ಲ, ತೇಯುತ್ತೆ. ಗಂಧ ತೇದ ಹಾಗೆ.

ಇಷ್ಟೆಲ್ಲ ತಯಾರಿ ಆದ ಮೇಲೂ ಕೊರೆಯೋದನ್ನ ಗೊತ್ತಿರೋರ ಕೈಗೆ ಕೊಡೋಣ ಅಂತ ಒಂದು ಗಾಜಿನ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಕೇಳಿಸಿಕೊಂಡು ತಲೆಯಾಡಿಸಿದರು. "ಹೊಸ ಶೀಟ್ ತಂದ್ರೆ ಎಷ್ಟು ತೂತು ಬೇಕಾದ್ರೂ ಹೊಡ್ಕೊಡ್ತೀನಮ್ಮ. ಹಳೇ ತೊಟ್ಟಿ ಮುಟ್ಟಲ್ಲ. ಎಲ್ಲೆಲ್ಲಿ ಗೀರು ಬಿದ್ದಿದ್ಯೋ ಯಾರಿಗ್ ಗೊತ್ತು?"

ಅವರ ಮಾತಿನಲ್ಲಿ ಒಂದು ಇಡೀ ಚಾಪ್ಟರ್ ಇದೆ. 1921ರಲ್ಲಿ ಗ್ರಿಫಿತ್ ಗಾಜಿನ ಎಳೆಗಳನ್ನಿಟ್ಟುಕೊಂಡು ಇದನ್ನೇ ಬಿಡಿಸಿ ಹೇಳಿದ್ದು. ಪರಮಾಣುಗಳ ಬಂಧದ ಲೆಕ್ಕದಲ್ಲಿ ಗಾಜು ತುಂಬ ಗಟ್ಟಿ, ಕೈಯಲ್ಲಿರುವ ಗಾಜು ಅದರ ಒಂದು ಸಣ್ಣ ಪಾಲಿನಷ್ಟೂ ತಡೆಯಲ್ಲ, ಕಾರಣ ಮೈಮೇಲಿನ ಕಣ್ಣಿಗೆ ಕಾಣದ ಗೀರುಗಳು. ಉಕ್ಕಾದರೆ ಬಿರುಕಿನ ತುದಿಯಲ್ಲಿ ಸ್ವಲ್ಪ ಬಗ್ಗಿ ಸ್ಟ್ರೆಸ್ ಹಂಚಿಕೊಳ್ಳುತ್ತೆ, ಗಾಜಿಗೆ ಬಗ್ಗೋದು ಬರಲ್ಲ. ಕಿರ್ಷ್ ಹೇಳಿದ ಮೂರು ಪಟ್ಟು ನುಣುಪಾದ ತೂತಿಗೆ. ಆ ತೂತಿನ ಅಂಚಿನಲ್ಲಿ ಒಂದು ಚಕ್ಕೆ ಎದ್ದಿದ್ದರೆ ಲೆಕ್ಕ ಎಲ್ಲೋ ಹೋಗುತ್ತೆ. ಹಾಗಾಗಿ ಭಯಪಡಬೇಕಾದ್ದು ತೂತಿಗಲ್ಲ, ಅದರ ಅಂಚಿಗೆ. ಅಂಗಡಿಯವರು ಸುಮ್ಮನೆ ಕಳಿಸಲಿಲ್ಲ, 8 ಎಂಎಂನ ಎರಡು ಚೂರು ಕೊಟ್ಟು, "ಮೊದ್ಲು ಇದರ ಮೇಲೆ ಕೈ ಪಳಗಿಸ್ಕೋ. ಶಬ್ದ ಕೇಳ್ತಾ ಇರು" ಅಂದರು. ದುಡ್ಡು ತಗೊಳ್ಳಲಿಲ್ಲ.

ಒಂದು ಚೂರಿನ ಮೇಲೆ ಹೇಗೆ ಮಾಡಬೇಕೋ ಹಾಗೆ ಮಾಡಿದೆವು. ಇನ್ನೊಂದರ ಮೇಲೆ ಬೇಕಂತಲೇ ನೀರು ಕಡಿಮೆ ಮಾಡಿ, ಕೊನೆಯಲ್ಲಿ ಜೋರಾಗಿ ಒತ್ತಿ, ಏನಾಗುತ್ತೆ ನೋಡೋಣ ಅಂದೆವು. ಆರು ಎಂಎಂ ಇಳಿದ ಮೇಲೆ ಟಿಕ್ ಅಂತ ಸಣ್ಣ ಶಬ್ದ. ತೂತಿನಿಂದ ಅಂಚಿನ ತನಕ ಕೂದಲೆಳೆಯಂಥ ಗೆರೆ. ಅದು ಹೋಗೋದು ಕಣ್ಣಿಗೇ ಕಾಣಲಿಲ್ಲ, ಮೊದಲು ಇರಲಿಲ್ಲ, ಆಮೇಲೆ ಇತ್ತು. ಆ ಟಿಕ್ ಕೇಳಿದ ಮೇಲೆ ಯಾರೂ ಜೋಕ್ ಮಾಡಲಿಲ್ಲ.

ತೊಟ್ಟಿ ಕೊರೆದದ್ದು ಒಂದು ಶನಿವಾರ ಬೆಳಿಗ್ಗೆ. ಹಿಂದಿನ ಗಾಜು ಮೇಲೆ ಬರುವ ಹಾಗೆ ತೊಟ್ಟಿಯನ್ನು ಹಾಸಿಗೆ ಮೇಲೆ ಮಲಗಿಸಿದೆವು. ಒಳಗಡೆಯಿಂದ ತೂತಿನ ಜಾಗಕ್ಕೆ ಮೂರು ಪದರ ಟೇಪ್, ಅದಕ್ಕೆ ತಾಗುವ ಹಾಗೆ ಇಟ್ಟಿಗೆ, ಹಲಗೆ, ಗೋಣಿಚೀಲ ಪೇರಿಸಿ ಆಸರೆ. ಬಿಲ್ಲೆ ಕಳಚಿ 45 ಸೆಂ.ಮೀ. ಕೆಳಗಿನ ಮುಂದಿನ ಗಾಜಿನ ಮೇಲೆ ಬಿದ್ದರೆ ಒಂದು ತೂತಿನ ಬದಲು ಒಂದು ಗಾಜೇ ಹೋಗುತ್ತೆ, ಅದಕ್ಕೂ ಸೇರಿಸಿ ಈ ವ್ಯವಸ್ಥೆ. ನಮ್ಮ ವರ್ಕ್‌ಶಾಪ್ ಲ್ಯಾಬಿನ ಮೇಷ್ಟ್ರು ತಮ್ಮ ಸ್ವಂತ ಕಾರ್ಡ್‌ಲೆಸ್ ಡ್ರಿಲ್ ಕೊಟ್ಟಿದ್ದರು. ನೀರಿರೋ ಕಡೆ ವೈರಿನ ಡ್ರಿಲ್ ಬೇಡವೇ ಬೇಡ. ಹ್ಯಾಮರ್ ಮೋಡ್ ಆಫ್ ಇದೆಯಾ ಅಂತ ಮೂರು ಜನ ಮೂರು ಸಲ ನೋಡಿದೆವು.

ಹೋಲ್ ಸಾ ನಡುವೆ ಗೈಡ್ ಇರಲ್ಲ, ನುಣುಪು ಗಾಜಿನ ಮೇಲೆ ಸ್ಕೇಟಿಂಗ್ ಮಾಡುತ್ತೆ. ಪ್ಲೈವುಡ್ ಚೂರಿನಲ್ಲಿ ಅದೇ ಅಳತೆಯ ತೂತು ಮಾಡಿ ಡಬಲ್ ಟೇಪಿನಲ್ಲಿ ಅಂಟಿಸಿದರೆ ಅದೇ ಗೈಡ್. ಸುತ್ತ ನೀರು ನಿಲ್ಲಿಸೋಕೆ ಕಟ್ಟೆ ಬೇಕು, ಮಕ್ಕಳ ಕ್ಲೇ ಸಾಕಾಗುತ್ತೆ. ನಮ್ಮ ಹತ್ತಿರ ಇರಲಿಲ್ಲ. ಅಜ್ಜಿ ಚಪಾತಿಗೆ ಕಲಸಿಟ್ಟಿದ್ದ ಹಿಟ್ಟಿನಲ್ಲಿ ಒಂದು ಉಂಡೆ ಕೊಟ್ಟರು. ಅರ್ಧ ಗಂಟೆ ಬಾಳಿತು. "ಮೀನು ಬೇಡ ಅಂದೋಳು ಹಿಟ್ಟು ಕೊಡ್ತಾಳೆ ನೋಡು" ಅಂದರು ತಾತ. ಇಡೀ ವಾರದಲ್ಲಿ ಅವರು ಆಡಿದ ಮೊದಲ ತಮಾಷೆ.

ಕನ್ನಡಕ, ಮಾಸ್ಕ್ ಹಾಕಿಕೊಂಡು ಟ್ರಿಗರ್ ಅರ್ಧದಷ್ಟೇ ಒತ್ತಿ ಶುರು ಮಾಡಿದೆ. ವೇಗ ಕಡಿಮೆ ಇರಬೇಕು, ಹೆಚ್ಚಾದರೆ ಬಿಸಿ, ಬಿಸಿಯಾದರೆ ಗಾಜಿನ ಒಂದು ಭಾಗ ಹಿಗ್ಗಿ ಪಕ್ಕದ್ದು ಹಿಗ್ಗದೆ ಬಿರುಕು. ಡ್ರಿಲ್ಲಿನ ಭಾರ ಬಿಟ್ಟರೆ ನನ್ನ ಕೈಯ ಭಾರ ಬೀಳಬಾರದು. ಹೇಳೋದು ಸುಲಭ. ಎರಡು ನಿಮಿಷಕ್ಕೆ ಭುಜ ತಾನಾಗಿ ಒತ್ತೋಕೆ ನೋಡುತ್ತೆ. ತಾತ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂತೇನೋ ಅಂದುಕೊಂಡೆ. ಶಬ್ದ ಚೂರು ಕೀರಲಾದ ಕೂಡಲೇ, "ಎತ್ತು. ನೀರು ಒಳಗೆ ಹೋಗ್ಲಿ" ಅಂದರು. ಎತ್ತಿದರೆ ಬಳೆಯೊಳಗೆ ಬಿಳೀ ಗಂಧದಂಥ ಗಾಜಿನ ರಾಡಿ ತುಂಬಿತ್ತು. ಅದು ತುಂಬಿದರೆ ವಜ್ರ ಗಾಜಿಗೆ ತಾಗಲ್ಲ, ಸುಮ್ಮನೆ ಬಿಸಿಯಾಗುತ್ತೆ. ತೊಳೆದು ಮತ್ತೆ ಇಳಿಸಿದೆ. ಹತ್ತು ಸೆಕೆಂಡು ಕೊರೆ, ಎತ್ತು, ನೀರು, ಮತ್ತೆ ಕೊರೆ. "ಒತ್ಬೇಡ ಕಣಮ್ಮ, ಅದರ ಪಾಡಿಗೆ ತಿನ್ಲಿ ಬಿಡು." ಮೂವತ್ತೈದು ವರ್ಷ ಲೇತ್ ಮುಂದೆ ನಿಂತಿದ್ದ ಕಿವಿ ಅದು. ಆಮೇಲಾಮೇಲೆ ಅವರು ಬಾಯಿ ತೆರೆಯೋ ಮೊದಲೇ ಆ ಕೀರಲು ನನಗೂ ಕೇಳೋಕೆ ಶುರುವಾಯಿತು.

ಹನ್ನೆರಡನೇ ನಿಮಿಷಕ್ಕೆ ಶಬ್ದ ಪೊಳ್ಳಾಯಿತು. ಇನ್ನು ಒಂದು ಎಂಎಂ ಉಳಿದಿರಬಹುದು. ಚಕ್ಕೆ ಏಳೋದು ಇಲ್ಲೇ, ತೆಳ್ಳಗಾದ ಗಾಜು ಭಾರ ತಡೆಯದೆ ಒಳಗಡೆ ಸಿಡಿಯುತ್ತೆ. ಈಗ ನಾನು ಡ್ರಿಲ್ಲಿನ ಭಾರವನ್ನೂ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಿದ್ದೆ. ಟಿಕ್ ಕೇಳುತ್ತೇನೋ ಅಂತ ಎಲ್ಲರೂ ಕಾಯುತ್ತಿದ್ದರು. ಬಂದದ್ದು ಗುಳುಕ್ ಅನ್ನೋ ಶಬ್ದ, ಕಟ್ಟೆಯೊಳಗಿನ ನೀರು ಟೇಪಿನ ಮೇಲೆ ಇಳಿದದ್ದು. ತಾತ ಎದ್ದು ಬಂದು ತೂತಿನ ಒಳ ಅಂಚಿನ ಸುತ್ತ ಉಗುರು ಆಡಿಸಿದರು. ಒಂದು ಕಡೆ ಸಾಸಿವೆಯಷ್ಟು ಚಕ್ಕೆ. ಬಾಕಿ ಎಲ್ಲ ನುಣುಪು. 400 ನಂಬರಿನ ವಾಟರ್ ಪೇಪರ್ ನೀರಲ್ಲದ್ದಿ ಅಂಚು ಸವರಿದ್ದು ಅವರೇ, ಆ ಕೆಲಸ ನನಗೆ ಕೊಡಲಿಲ್ಲ.

ಮಿಕ್ಕಿದ್ದು ಪ್ಲಂಬಿಂಗ್. ನಿಪ್ಪಲಿನ ರಬ್ಬರ್ ವಾಷರ್ ನೀರಿರುವ ಕಡೆ ಬರಬೇಕು. ನಟ್ಟು ಕೈಯಲ್ಲಿ ಬಿಗಿ ಮಾಡಿ, ಮೇಲೆ ಕಾಲು ಸುತ್ತು, ಅಷ್ಟೇ. ಸ್ಪ್ಯಾನರಿನಲ್ಲಿ ಜೋರು ತೋರಿಸಿದರೆ ಡ್ರಿಲ್ ಒಡೆಯದ ಗಾಜನ್ನು ನಟ್ಟು ಒಡೆಯುತ್ತೆ. ಒಳಗಡೆ ಒಂದು ಎಲ್ಬೋ, ಬಾಯಿ ಮೇಲಕ್ಕೆ ಮಾಡಿ, ಅದರ ಮೇಲೆ ಸೀಳುಗಳಿರುವ ಜಾಲರಿ. ಎಲ್ಬೋ ಬಾಯಿ ಎಷ್ಟು ಎತ್ತರವೋ ನೀರಿನ ಮಟ್ಟ ಅಷ್ಟು, ನಮ್ಮಲ್ಲಿ ಅಂಚಿನಿಂದ 4 ಸೆಂ.ಮೀ. ಕೆಳಗೆ. ಹೊರಗಡೆ ಒಂದು ಟೀ, ಅದರ ಮೇಲಿನ ಬಾಯಿ ಗಾಳಿಗೆ ತೆರೆದು, ಕೆಳಗಿನದ್ದು ಕಿಟಕಿಯಾಚೆ ಕರಿಬೇವಿನ ಬುಡಕ್ಕೆ. ಗಾಳಿಬಾಯಿ ಇಲ್ಲದಿದ್ದರೆ ನೀರು ಜೋರಾಗಿ ಬಂದಾಗ ಪೈಪೇ ಸೈಫನ್ ಆಗಿ ರಾತ್ರಿಯೆಲ್ಲ ಗೊರಕೆ ಹೊಡೆಯುತ್ತೆ.

ಹೊಸ ನೀರಿಗೆ ತಾರಸಿ ಮೇಲೆ 50 ಲೀಟರಿನ ಡ್ರಮ್. ಸಿಂಟೆಕ್ಸ್‌ನಿಂದ ಪೈಪಿನಲ್ಲೇ ತುಂಬುತ್ತೆ, ಎತ್ತೋದೇನಿಲ್ಲ. ಬಾಯಿಗೆ ಸೊಳ್ಳೆ ಪರದೆ ಕಟ್ಟಿದ್ದೀವಿ. ನಲ್ಲಿ ನೀರಿನ ಕ್ಲೋರಿನ್ ಮೀನಿನ ಕಿವಿರಿಗೆ ಆಗಲ್ಲ, ಅದಕ್ಕೆ ಒಂದು ದಿನ ಬಿಟ್ಟು, ಜೊತೆಗೆ ಲೆಕ್ಕದಷ್ಟು ಹೈಪೋ. ಅಲ್ಲಿಂದ ಹನಿ ನೀರಾವರಿಯ ಡ್ರಿಪ್ಪರ್ ಒಂದರ ಮೂಲಕ ತೊಟ್ಟಿಗೆ. ಡ್ರಿಪ್ಪರ್ ಮೇಲೆ ಗಂಟೆಗೆ 2 ಲೀಟರ್ ಅಂತಿತ್ತು. ಅಳೆದರೆ 1.2. ಕಾರಣ ಆಮೇಲೆ ಹೊಳೆಯಿತು, ಆ 2 ಲೀಟರ್ ಅನ್ನೋದು 10 ಮೀಟರ್ ಹೆಡ್‌ಗೆ, ನಮ್ಮ ತಾರಸಿ ಕೊಡೋದು ಮೂರೂವರೆ ಮೀಟರ್. ಹರಿವು ಹೆಡ್‌ನ ವರ್ಗಮೂಲದ ಜೊತೆ ಹೋಗುತ್ತೆ, 0.35ರ ವರ್ಗಮೂಲ 0.59. ಪುಸ್ತಕದಲ್ಲಿರೋದು ಹಿತ್ತಿಲಲ್ಲೂ ಸರಿ ಬಂದರೆ ಎಷ್ಟು ಖುಷಿಯಾಗುತ್ತೆ ಅನ್ನೋದನ್ನ ಮಾಡಿಯೇ ನೋಡಬೇಕು.

ದಿನಕ್ಕೆ ಏಳು ಗಂಟೆ ಬಿಟ್ಟರೆ 8 ಲೀಟರ್, ವಾರಕ್ಕೆ 55, ಅಂದರೆ ತೊಟ್ಟಿಯ ಕಾಲು ಭಾಗ. ಕೆಮಿಕಲ್‌ನವರು ಇಲ್ಲಿ ಕೈ ಎತ್ತುತ್ತಾರೆ ಅಂತ ಗೊತ್ತು. ಹೌದು, ಹೊಸ ನೀರು ಹಳೇದರ ಜೊತೆ ಬೆರೆತೇ ಹೋಗೋದರಿಂದ ಹೋಗುವ ಕೊಳೆ 25 ಪರ್ಸೆಂಟ್ ಅಲ್ಲ, 22. ತೊಟ್ಟಿಯಷ್ಟೇ ನೀರು ಹರಿಸಿದರೂ 37 ಪರ್ಸೆಂಟ್ ಹಳೇದು ಒಳಗೇ ಉಳಿದಿರುತ್ತೆ. ಬಕೆಟ್ಟೇ ವಾಸಿ, ಲೆಕ್ಕದಲ್ಲಿ. ಆದರೆ ಆ ಮೂರು ಪರ್ಸೆಂಟಿಗೋಸ್ಕರ ಬಕೆಟ್ ಎತ್ತೋರು ಯಾರು? ಜಾಲರಿ ಕಟ್ಟಿಕೊಂಡರೆ ಅನ್ನೋದನ್ನೂ ನೋಡಿದ್ದೀವಿ. ಮೇಲಿನ 4 ಸೆಂ.ಮೀ. ತುಂಬೋಕೆ 21 ಲೀಟರ್ ಬೇಕು, ದಿನಕ್ಕೆ ಎಂಟರಂತೆ ಎರಡೂವರೆ ದಿನ. ಅಷ್ಟರಲ್ಲಿ ನೀರು ಏರಿದ್ದು ತಾತನಿಗೆ ಕಾಣದೇ ಇರೋದು ಸಾಧ್ಯವೇ ಇಲ್ಲ, ದಿನಕ್ಕೆ ಹತ್ತು ಸಲ ಅದರ ಮುಂದೆ ಕೂರೋರು.

ಆರು ತಿಂಗಳಾಯಿತು. ಬೆಳಿಗ್ಗೆ ಕಾಫಿಗೆ ಇಡುವಾಗ ಅಜ್ಜಿ ವಾಲ್ವ್ ತೆಗೀತಾರೆ, ಊಟ ಆದ ಮೇಲೆ ತಾತ ಮುಚ್ಚುತ್ತಾರೆ. ಮೀನಿನ ಕೊಳೆ ನೀರಿನಲ್ಲಿ ನೈಟ್ರೇಟ್ ಇರುತ್ತಲ್ಲ, ಕರಿಬೇವು ಕಾಂಪೌಂಡ್ ದಾಟಿದೆ, ಬೀದಿಯವರೆಲ್ಲ ಬಂದು ಕಿತ್ಕೊಂಡು ಹೋಗ್ತಾರೆ ಅಂತ ಅಜ್ಜಿಗೆ ಈಗ ಅದೇ ದೂರು. ಕೊರೆದಾಗ ಬಂದ ಗಾಜಿನ ಬಿಲ್ಲೆ ತಾತನ ಟೂಲ್ ಪೆಟ್ಟಿಗೆಯಲ್ಲಿದೆ.

ಹೋಲ್ ಸಾ ನನ್ನ ಹತ್ತಿರ ಇದೆ. ವಜ್ರ ಇನ್ನೂ ಪೂರ್ತಿ ಸವೆದಿಲ್ಲ, ಎರಡು ಮೂರು ತೂತಿಗೆ ಬಾಳಬಹುದು. ಬೇಕಾದವರು ಕನ್ನಡ ಸಂಘದ ರೂಮಿನಲ್ಲಿ ಕೇಳಿ ತಗೊಳ್ಳಿ. ಪ್ಲೈವುಡ್ ಗೈಡೂ ಜೊತೆಗಿದೆ. ಹಿಟ್ಟು ಮಾತ್ರ ನಿಮ್ಮದೇ.